ಪಾಳಿ

ಬೆಟಗೇರಿ ಒಳಗ ಮುಂಜಾನೆ ಆರಕ್ಕ
ಕಳಕಪ್ಪನ ಗಿರಣಿ ಇನ್ನೂ ಕಣ್ಣು ತೆರೆದಿರೂದಿಲ್ಲ,
ಡಬ್ಬಿಗೋಳು ಆಗಲೇ ಕುಂತಿರತಾವ ಕಟ್ಟಿ ಮ್ಯಾಲ:
ಎಣ್ಣಿ ಡಬ್ಬಿ, ಬಣ್ಣದ ಬಕೀಟು, ಸ್ಟೀಲಿನ ಡಬರಿ,
ಮುಚ್ಚಳ ಇಲ್ಲದ್ದಕ್ಕ ಹಳೇ ಕುಬಸದ ಬಟ್ಟಿ ಬಿಗದದ್ದು.
ಮನಶ್ಯಾರು ಇರಂಗಿಲ್ಲ.
ಪಾಳಿ ಇರತೈತಿ.

ನನ್ನ ಪಾಳಿ ಬ್ಯಾರೆ ಕಡೆ.
ಲ್ಯಾಪ್‌ಟಾಪ್ ಒಳಗ ನೂರಾ ಹನ್ನೆರಡು ಅರ್ಜಿ,
ಹುಬ್ಬಳ್ಳಿಗೆ ಎರಡು, ಪುಣೆಕ ಹದಿನಾಲ್ಕು,
ಉಳಿದದ್ದು ಎಲ್ಲಿ ಬಿದ್ದಾವೋ ಆ ಕಂಪನಿಗೋಳಿಗೇ ಗೊತ್ತು.
'ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ.'
ಮಶೀನು ಬರದದ್ದು, ಗುರ್ತು ಹಿಡೀತೇನಿ,
ಇಂಥ ಸಾಲು ನಾನೂ ಬರದೇನಿ
ಹಿಂದಿನ ನೌಕರಿಯೊಳಗ, ಪಗಾರ ತಗೊಂಡು.

ಆ ನೌಕರಿ ಮಾರ್ಚಿನಾಗ ಹೋತು. ಒಂಬತ್ತು ನಿಮಿಷದ ಕಾಲ್.
ಏಪ್ರಿಲ್‌ನಿಂದ ಜ್ವಾಳ ಬೀಸಸೂದು ನನ್ನ ಕೆಲಸ,
ಮನ್ಯಾಗ ಖಾಲಿ ಕುಂತಾಕಿ ನಾನೊಬ್ಬಾಕಿನೇ ಅಂತ.
ಒಂದಿನ ಕರೆಂಟ್ ಹೋಗಿ ಎರಡು ತಾಸು ನಿಂತೆ,
ನಿಂತಲ್ಲೇ ಹೊಳೀತು:
ಪಾಳಿ ಬಂದಾಗ ಮೊಬೈಲಿಗೆ ಒಂದು ಸುದ್ದಿ ಬಂದರ?
ಆ ರಾತ್ರಿನೇ ಬರದೆ. ಮೊದಲು ಬಂದದ್ದು ಮೊದಲು.
ನಾಕು ಸಾಲು. ಚಾ ಆರೂದ್ರಾಗ ಮುಗೀತು.

ಕಳಕಪ್ಪ ನೋಡಿ ನಕ್ಕ, ಹುಬ್ಬಿನ ತುಂಬ ಹಿಟ್ಟು.
"ಬಾಯಾರ, ನಂದು ಒಂದೇ ಕಲ್ಲು.
ಖಾರ ಬೀಸಿದ ಮ್ಯಾಲ ಗೋದಿ ಹಾಕಲೇನು?
ಬಾಣಂತಿ ಮನಿ ಡಬ್ಬಿ ಬಂದರ ನಡುವ ತೂರಸಬೇಕು.
ಸತ್ತವರ ಮನೀದು ಬಂದರ
ರೊಕ್ಕಾನೂ ಇಲ್ಲ, ಪಾಳೀನೂ ಇಲ್ಲ.
ಮತ್ತ ಹಜರತಬಿ ಡಬ್ಬಿ ಯಾವಾಗಲೂ ಮೂರನೇದು."
ಯಾಕ, ಅಂದೆ.
"ಯಾಕ ಅಂದ್ರ? ಮೊದಲಿಂದ ಹಂಗ."

ನಾಕು ಸಾಲು ನಾನೂರು ಆದವು.
ಹಗಲೆಲ್ಲ ಅರ್ಜಿ, ರಾತ್ರಿ ಗಿರಣಿ.
ರೆಸ್ಯೂಮೆ ಒಂದು ಪುಟಕ್ಕ ಇಳಸರಿ ಅಂತಾರ, ಇಳಿಸೇನಿ;
ಕಳಕಪ್ಪನ ನಿಯಮ ಇಳೀವಲ್ದು.
ಹಜರತಬಿ ಸಾಲಿನ ಬಾಜೂಕ ಟಿಪ್ಪಣಿ ಬರದೆ:
ಮೊದಲಿಂದ ಹಂಗ. ಮುಟ್ಟಬ್ಯಾಡರಿ.

ನಿನ್ನೆ ಹನ್ನೊಂದಕ್ಕ ಇಂಟರ್‌ವ್ಯೂ.
ಹಿಂದಿನ ಓಣ್ಯಾಗಿನ ಮಗ್ಗದ ಸಪ್ಪಳ ಕೇಳಬಾರದಂತ
ಕಿಡಕಿ ಹಾಕಿ, ಶೆಕಿಯೊಳಗ ಕುಂತೆ.
ಆ ಹುಡುಗ, ನನಗಿಂತ ಸಣ್ಣಾವ, ಕೇಳಿದ:
"ಒಂದು ಕ್ಯೂ ಬರೆದು ತೋರಿಸಿ."
ಮೂಗಿಗೆ ಬಿಸಿ ಹಿಟ್ಟಿನ ವಾಸನಿ ಬಂದಂಗಾತು.
ಬರದೆ, ನಾಕೇ ಸಾಲು.
ಬಾಣಂತಿ ಬಗ್ಗೆ ಅವ ಕೇಳಲಿಲ್ಲ, ನಾ ಹೇಳಲಿಲ್ಲ.
"ಮಾರ್ಚಿನಿಂದ ಈಚೆ ಖಾಲಿ ಇದೆಯಲ್ಲ?"
ಸ್ವಂತದ್ದೊಂದು ಪ್ರಾಜೆಕ್ಟ್, ಅಂದೆ.
"ಬಳಸುವವರು ಎಷ್ಟು?"
ಮೂವತ್ತೊಂದು ಡಬ್ಬಿ, ಅಂದುಬಿಟ್ಟೆ.
ನಕ್ಕನೋ, ನೆಟ್‌ವರ್ಕ್ ನಿಂತಿತೋ,
ಮಾರಿ ಹಂಗ ಉಳೀತು, ಹಲ್ಲು ತೆರಕೊಂಡು.

ಇವತ್ತು ಸಂಜೀಕ ಫೋನು. ಅವರದಲ್ಲ.
"ಬಾಯಾರ, ನಿಮ್ಮ ಮಶೀನಿನ್ಯಾಗ
ನೀಲವ್ವಗೋಳು ಇಬ್ಬರು ಒಂದಾಗ್ಯಾರ.
ಹೂಗಾರ ನೀಲವ್ವನ ಸಜ್ಜಿ ಹಿಟ್ಟು
ಗಾಣಿಗೇರ ನೀಲವ್ವನ ಮನ್ಯಾಗ ರೊಟ್ಟಿ ಆಗೇತಿ.
ಇಬ್ಬರೂ ಕಟ್ಟಿ ಮ್ಯಾಲ ಕುಂತಾರ,
ನಾ ನಿಮ್ಮ ಕಡೆ ಕೈ ತೋರ್ಸೇನಿ."

ಪುಣೆ ಫಾರ್ಮು ತೆರದೇ ಐತಿ,
ಇವತ್ತೇ ಕಡೇ ದಿನ, ರಾತ್ರಿ ಹನ್ನೆರಡಕ್ಕ ಬಂದ್.
ಖಾಲಿ ಉಳಿದದ್ದಕ್ಕ ಕಾರಣ ಕೊಡಿ, ಇನ್ನೂರು ಅಕ್ಷರದಾಗ.
ಗೆರಿ ಮಿಣಕತೈತಿ.
ಅಡ್ಡಹೆಸರು ಹಚ್ಚಿದರ ಮುಗೀತು ಅನಕೊಂಡಿದ್ದೆ,
ಗಾಣಿಗೇರ ಮನ್ಯಾಗ ಅತ್ತೀನೂ ನೀಲವ್ವನೇ ಅಂತ.

ಚಪ್ಪಲಿ ಮೆಟಗೊಂಡು ಹೋದೆ. ಬೈಸಿಕೊಂಡೆ.
ಬೈದು ದಣದ ಮ್ಯಾಲ ಕೇಳಿದೆ:
ಹಂಗಾರ ನೀವು ನಿಮ್ಮ ಡಬ್ಬಿ ಹೆಂಗ ಗುರ್ತು ಹಿಡೀತೀರಿ?
ಹೂಗಾರ ನೀಲವ್ವ ಡಬ್ಬಿ ಎತ್ತಿ ದೀಪಕ್ಕ ಹಿಡದ್ಲು:
"ನೆಗ್ಗು ನೋಡು ತಂಗಿ. ಮಗಳ ಲಗ್ನದಾಗ ಬಿದ್ದದ್ದು."

ಈಗ ನೆಗ್ಗಿಗೊಂದು ಕಾಲಂ ಹಾಕಾಕ್ಹತ್ತೇನಿ.
ಇನ್ನೂರು ಅಕ್ಷರ ಹಂಗ ಅದಾವ.
ಹನ್ನೊಂದೂ ನಲವತ್ತು.